ತಂತಿ ಕೂರುವವರೆಗೆ

ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್‌ಗೆ ಹೊಸ ತಂತಿ ಹಾಕುವಾಗ ಹಳೆಯದೊಂದನ್ನು ಬಿಚ್ಚಬೇಕು, ಅದರ ಜಾಗಕ್ಕೆ ಹೊಸದನ್ನು ಕಟ್ಟಬೇಕು, ಆಮೇಲೆಯೇ ಎರಡನೆಯದಕ್ಕೆ ಕೈ ಹಾಕಬೇಕು. ಟ್ರೋಂಡ್‌ಹೈಮ್‌ನ ನದಿ ದಂಡೆಯ ಅಂಗಡಿಯಲ್ಲಿ ಹದಿನೇಳು ವರ್ಷದಿಂದ ಪಿಟೀಲು, ಬಾಸ್‌ಗಳನ್ನು ರಿಪೇರಿ ಮಾಡುತ್ತಿದ್ದ ಸ್ತುರ್ಲೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಮಹಾಶಯ ನಾಲ್ಕು ತಂತಿಯನ್ನೂ ಒಟ್ಟಿಗೇ ಬಿಚ್ಚಿಬಿಟ್ಟಿದ್ದ.

ತಪ್ಪು ಅವನದೇ, ಇಲ್ಲವೆನ್ನುವುದಿಲ್ಲ. ಆದರೆ ಎದುರಿನ ಸ್ಟೂಲಿನ ಮೇಲೆ ಕೂತಿದ್ದವಳದೂ ಸ್ವಲ್ಪ ಇತ್ತು ಅನ್ನಿ. ಅವಳ ಹೆಸರು ರಾಗ್ನಿ. ಸಂಗೀತ ಶಾಲೆಯ ಟೀಚರ್. ಬಾಸಿನ ಅತಿ ದಪ್ಪ ತಂತಿಯ ಸುತ್ತು ಬಿಚ್ಚಿಕೊಂಡಿದೆ, ನಾಲ್ಕನ್ನೂ ಬದಲಾಯಿಸಿ ಎಂದು ಬಂದಿದ್ದಳು. ಕೂತವಳು ಸುಮ್ಮನಿರಬೇಕೋ ಬೇಡವೋ?

"ಬಸ್ಸಲ್ಲಿ ಡ್ರೈವರ್ ಈ ಬಾಸಿಗೂ ಟಿಕೆಟ್ ತಗೊಳ್ಳಿ ಅಂದ. 'ಇವ್ರು ನಮ್ಮನೆಯೋರು, ಮಾತು ಕಮ್ಮಿ, ಸ್ವಭಾವ ಒಳ್ಳೇದು' ಅಂದೆ. ಪಾಪ, ಆ ಡ್ರೈವರು ಇದಕ್ಕೆ ನಮಸ್ಕಾರ ಹೇಳ್ದ!"

ಹೇಳಿ ಅವಳೇ ನಕ್ಕಳು. ನಗುವಾಗ ಮೂಗಿನ ಮೇಲೆ ಮೂರು ಸಣ್ಣ ಗೆರೆ ಮೂಡುತ್ತಿದ್ದವು. ಸ್ತುರ್ಲೆ ಆ ಗೆರೆಗಳನ್ನೇ ನೋಡುತ್ತ ಕೈಗೆ ಸಿಕ್ಕ ಬಿರಡೆಯನ್ನೆಲ್ಲ ತಿರುಗಿಸುತ್ತಾ ಹೋದ. ಕೊನೆಯ ತಂತಿ ಸಡಿಲವಾದದ್ದೇ ತಡ, ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ವಾಲಿ ಅವನ ಅಂಗೈಗೆ ಬಿತ್ತು. ಬಾಸಿನ ಹೊಟ್ಟೆಯೊಳಗೆ ಏನೋ ಟಕ್ ಎಂದಿತು.

ರಾಗ್ನಿಯ ನಗು ನಿಂತಿತು. "ಏನದು?"

"ಏನಿಲ್ಲ."

"ಏನಿಲ್ಲ ಅಂದ್ರೆ? ಒಳಗಿನ ಕಡ್ಡಿ ಬಿತ್ತಲ್ವಾ?"

ಹೌದು, ಬಿದ್ದದ್ದು ಅದೇ. ಬಾಸಿನ ಒಳಗೆ ಒಂದು ಮರದ ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಒತ್ತಡವೇ ಅದನ್ನು ಬಿಗಿಯಾಗಿ ಹಿಡಿದಿರುವುದು. ಅದು ಕೂದಲೆಳೆಯಷ್ಟು ಜರುಗಿದರೂ ವಾದ್ಯದ ದನಿಯೇ ಬೇರೆಯಾಗುತ್ತದೆ.

"ಹನ್ನೆರಡು ದಿನಕ್ಕೆ ಬೋಡೋ ಊರಲ್ಲಿ ನನ್ನ ಆಡಿಷನ್ ಇದೆ," ಎಂದಳು ರಾಗ್ನಿ. "ಆರ್ಕೆಸ್ಟ್ರಾದಲ್ಲಿ ಒಂದೇ ಒಂದು ಸೀಟು. ಇದುವರೆಗೆ ಐದು ಊರಲ್ಲಿ ಸೋತು ಬಂದಿದೀನಿ. ಇದೇ ಕೊನೇದು ಅಂದ್ಕೊಂಡಿದ್ದೆ. ನೀವೇನು ಹೊಸಬರಾ? ಕಣ್ಣು ಎಲ್ಲಿತ್ತು ನಿಮ್ದು?"

ಕಣ್ಣು ಎಲ್ಲಿತ್ತೆಂದು ಹೇಳುವ ಹಾಗಿರಲಿಲ್ಲ. ಅವನ ಬದಲು ಗಲ್ಲಾದ ಹಿಂದೆ ಸ್ವೆಟರ್ ಹೆಣೆಯುತ್ತಿದ್ದ ಗುನ್‌ವೋರ್ ಅತ್ತೆ ಬಾಯಿ ಹಾಕಿದಳು. ಅವಳು ಸ್ತುರ್ಲೆಯ ಅಪ್ಪನ ತಂಗಿ. ಅಂಗಡಿಯ ಲೆಕ್ಕ, ಕಾಫಿ, ಊರಿನ ಸುದ್ದಿ ಮೂರೂ ಅವಳ ಜವಾಬ್ದಾರಿ.

"ಹದಿನೇಳು ವರ್ಷದಲ್ಲಿ ಇವನು ಹೀಗೆ ಮಾಡಿದ್ದು ಇದೇ ಮೊದಲು ಕಣಮ್ಮ. ನೀನು ಸ್ವಲ್ಪ ಆ ಕಡೆ ತಿರುಗಿ ಕೂತಿದ್ರೆ ಆಗ್ತಿರ್ಲಿಲ್ಲ."

ಸ್ತುರ್ಲೆಯ ಕಿವಿ ಕೆಂಪಾಯಿತು. ಅವನು ನೆಲದ ಮೇಲೆ ಬೋರಲು ಮಲಗಿ, ಟಾರ್ಚ್ ಬಿಟ್ಟು, ಬಾಸಿನ ಹೊಟ್ಟೆಯ ಸೀಳಿನೊಳಗೆ ಡೊಂಕು ಸಲಾಕೆ ತೂರಿಸಿ ಆ ಕಡ್ಡಿಯನ್ನು ಎಬ್ಬಿಸಿ ನಿಲ್ಲಿಸಲು ಎರಡು ಗಂಟೆ ಒದ್ದಾಡಿದ. ರಾಗ್ನಿ ಮನೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಸಿಟ್ಟಿನಿಂದ ನೋಡಿದಳು. ಆಮೇಲೆ ಅವನ ಪಕ್ಕ ತಾನೂ ಮಂಡಿಯೂರಿ ಟಾರ್ಚ್ ಹಿಡಿದಳು.

ಕಡ್ಡಿ ಅಂತೂ ನಿಂತಿತು, ಇನ್ನು ಹೊಸ ತಂತಿ ಆರಿಸುವುದು. ಸ್ತುರ್ಲೆ ಮೂರು ಪೊಟ್ಟಣ ತಂದು ಮೇಜಿನ ಮೇಲಿಟ್ಟ.

"ಇದು ಪೂರ್ತಿ ಉಕ್ಕು. ಎರಡೇ ದಿನದಲ್ಲಿ ಕೂರುತ್ತೆ, ದನಿ ಜೋರು. ಆಡಿಷನ್‌ಗೆ ಎಲ್ರೂ ಇದನ್ನೇ ಹಾಕ್ತಾರೆ. ಇದು ಕುರಿ ಕರುಳಿನ ತಂತಿ, ಕೂರೋಕೆ ವಾರಗಟ್ಟಲೆ ಬೇಕು, ಸದ್ಯಕ್ಕೆ ಇದರ ಹೆಸರೇ ಎತ್ಬೇಡಿ."

"ಮತ್ತೆ ಇದು?"

"ಒಳಗೆ ನಾರು, ಮೇಲೆ ಉಕ್ಕಿನ ಸುತ್ತು. ಚೆನ್ನಾಗಿರುತ್ತೆ. ಆದ್ರೆ ಬೇಗ ಕೂರಲ್ಲ. ಮೊದಲ ವಾರ ಜಗ್ತಾನೇ ಇರುತ್ತೆ. ಶ್ರುತಿ ಮಾಡಿ ಕಾಫಿ ಕುಡಿಯೋಷ್ಟರಲ್ಲಿ ಇಳಿದಿರುತ್ತೆ."

ಅವಳು ಆ ತಂತಿಯನ್ನು ಬೆರಳುಗಳ ನಡುವೆ ಹಿಡಿದು ಒತ್ತಿ ನೋಡಿದಳು. "ಐದು ಸಲ ಎಲ್ರೂ ಹಾಕೋದನ್ನೇ ಹಾಕ್ಕೊಂಡು ಹೋಗಿ ಸೋತೆ. ಈ ಸಲ ಸೋತರೂ ನನ್ನ ದನೀಲಿ ಸೋಲ್ತೀನಿ. ಇದನ್ನೇ ಹಾಕಿ."

"ತಲೆ ಕೆಟ್ಟಿದೆಯೇನ್ರೀ? ಹನ್ನೆರಡೇ ದಿನ!"

"ನನ್ನ ಕಡ್ಡಿ ಬೀಳಿಸಿದ್ದು ಯಾರು? ಕೂರಿಸಿಕೊಡೋದೂ ಅವರದ್ದೇ ಕೆಲಸ."

ಸ್ತುರ್ಲೆ ಆ ಪೊಟ್ಟಣವನ್ನೇ ಬಿಚ್ಚಿದ. ಈ ಸಲ ಒಂದೊಂದೇ ತಂತಿ ಕಟ್ಟಿದ. ಅತ್ತೆ ಹೆಣಿಗೆ ಬದಿಗಿಟ್ಟು ಎಣಿಸುತ್ತಿದ್ದಳು.

ಮರುದಿನದಿಂದ ಶಾಲೆ ಮುಗಿಸಿ ನಾಲ್ಕು ಗಂಟೆಗೆ ರಾಗ್ನಿ ಬರತೊಡಗಿದಳು. ಬಾಸಿನ ಕಾಲಿಗೆ ಪುಟ್ಟ ಚಕ್ರ ಸಿಕ್ಕಿಸಿ, ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಸದ್ದು ಮಾಡುತ್ತಾ ತಳ್ಳಿಕೊಂಡು ಬರುವಳು. ಹೊರಗೆ ಮೇ ಹದಿನೇಳರ ರಾಷ್ಟ್ರೀಯ ಹಬ್ಬದ ಮೆರವಣಿಗೆಗೆಂದು ಮಕ್ಕಳ ಬ್ಯಾಂಡು ತುತ್ತೂರಿ ಊದುತ್ತಿತ್ತು. ಒಳಗೆ ಇವಳು ಒಂದೊಂದೇ ತಂತಿಯ ಮೇಲೆ ನಿಧಾನಕ್ಕೆ ಕಮಾನು ಎಳೆಯುವಳು. ತಂತಿ ಇಳಿಯುವುದು, ಸ್ತುರ್ಲೆ ಬಿರಡೆ ತಿರುಗಿಸುವುದು, ಮತ್ತೆ ಇಳಿಯುವುದು.

"ಕೀರಲು ದನಿ ಬರ್ತಿದೆ," ಎಂದಳು ಮೂರನೆಯ ದಿನ.

"ಹೊಸದಲ್ವಾ, ಇನ್ನೂ ನಾಚಿಕೆ. ಅವಸರ ಮಾಡ್ಬೇಡಿ."

"ನಿಮ್ಮ ಹಾಗೆ."

ಸ್ತುರ್ಲೆ ಕಮಾನಿನಿಂದ ಉದುರಿದ ರಾಳದ ಪುಡಿ ಒರೆಸುವ ಬಟ್ಟೆಯನ್ನು ಬಹಳ ಶ್ರದ್ಧೆಯಿಂದ ಮಡಚಿದ. ತಲೆಯೆತ್ತಿದಾಗ ಅವಳು ಇನ್ನೂ ಅವನನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದರೂ ಕಣ್ಣು ತಪ್ಪಿಸಲಿಲ್ಲ. ಅವನೇ ತಪ್ಪಿಸಬೇಕಾಯಿತು.

ಆರನೆಯ ದಿನ ತಂತಿಗಳ ಕೀರಲು ಹೋಯಿತು. ಏಳನೆಯ ದಿನ ಅವಳು ಕಮಾನು ಎಳೆದಾಗ ಅಂಗಡಿಯ ನೆಲದ ಹಲಗೆ ಪಾದದಡಿ ಜುಮ್ಮೆಂದಿತು. ಅತ್ತೆಯ ಸೂಜಿಗಳು ನಿಂತವು. ಸ್ತುರ್ಲೆಗೆ ಹೆಮ್ಮೆಯಾಯಿತು, ಅದರ ಬೆನ್ನಿಗೇ ಆಡಿಷನ್ ನೆನಪಾಯಿತು. ಈ ದನಿಗೆ ಬೋಡೋದವರು ಬೇಡವೆನ್ನುವುದುಂಟೇ? ಬೋಡೋ ಅಂದರೆ ರೈಲಿನಲ್ಲಿ ಹತ್ತು ಗಂಟೆ. ಅವನು ಚೆನ್ನಾಗಿ ಕೆಲಸ ಮಾಡಿದಷ್ಟೂ ಅವಳು ದೂರ ಹೋಗುತ್ತಾಳೆ. ಇದೆಂಥ ಗ್ರಹಚಾರ!

ಒಂಬತ್ತನೆಯ ದಿನವೂ ಅವಳು ಬಂದಳು. "ನೋಡಿ, ಮತ್ತೆ ಇಳಿದಿದೆ."

ಸ್ತುರ್ಲೆ ಮೀಟಿ ನೋಡಿದ. ಮೂರು ತಂತಿ ಸರಿಯಾಗಿದ್ದವು. ತೆಳುವಾದದ್ದೊಂದೇ ಪೂರಾ ಅರ್ಧ ಸ್ವರ ಇಳಿದಿತ್ತು. ಕೂತ ತಂತಿ ತಾನಾಗಿ ಅಷ್ಟು ಇಳಿಯುವುದಿಲ್ಲ. ಯಾರಾದರೂ ಬಿರಡೆ ತಿರುಗಿಸಿದರೆ ಮಾತ್ರ ಇಳಿಯುತ್ತದೆ. ಅವನು ರಾಗ್ನಿಯ ಮುಖ ನೋಡಿದ. ಅವಳು ಕಿಟಕಿಯಾಚೆಯ ನದಿಯನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು.

ಅವನು ಏನೂ ಹೇಳದೆ ಶ್ರುತಿ ಮಾಡಿಕೊಟ್ಟ. ಹತ್ತನೆಯ ದಿನವೂ ಅದೇ ತಂತಿ ಇಳಿಯಿತು. ಅಂದೂ ಶ್ರುತಿ ಮಾಡಿ ಕಳಿಸಿದ.

"ಲೋ ದಡ್ಡ, ನಾಳೆ ಅವಳು ರೈಲು ಹತ್ತಬೇಕು," ಎಂದಳು ಅತ್ತೆ, ರಾಗ್ನಿ ಹೋದ ಮೇಲೆ. "ನಿನ್ನ ಬಾಯಿಗೇನು ಬೀಗ ಹಾಕಿದೆಯಾ?"

"ಏನಂತ ಹೇಳ್ಲಿ ಅತ್ತೆ? ಹೋಗ್ಬೇಡ ಅಂತಾನಾ?"

ಅತ್ತೆ ಹೆಣಿಗೆ ಬದಿಗಿಟ್ಟು ಎದ್ದಳು. ಅವನ ಮುಂದೆ ಬಿಸಿ ವೇಫಲ್ ಇಟ್ಟು, ಅದರ ಮೇಲೆ ಕಂದು ಚೀಸ್ ಎಂದಿಗಿಂತ ದಪ್ಪ ಹಾಕಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ, ರೈಲಿಗೆ ಎರಡು ಗಂಟೆ ಇರುವಾಗ, ರಾಗ್ನಿ ಬಾಸು ಪೆಟ್ಟಿಗೆ ಸಮೇತ ಬಂದಳು. ಅತ್ತೆ ಇದ್ದಕ್ಕಿದ್ದಂತೆ ಹಾಲು ತರಲು ಹೊರಟಳು. ಫ್ರಿಜ್ಜಿನಲ್ಲಿ ಮೂರು ಪ್ಯಾಕೆಟ್ ಹಾಲಿತ್ತು.

"ಸ್ತುರ್ಲೆ, ನಿಜ ಹೇಳಿ," ಎಂದಳು ರಾಗ್ನಿ. ಮೂಗಿನ ಮೇಲೆ ಗೆರೆಗಳಿರಲಿಲ್ಲ. "ತಂತಿ ತಯಾರಾಗಿದೆಯಾ? ಇಲ್ಲ ಅಂದ್ರೆ ನಾನು ಹೋಗಲ್ಲ. ಈಗ್ಲೇ ಫೋನ್ ಮಾಡಿ ಬರಲ್ಲ ಅಂತೀನಿ. ನೀವು ಇಲ್ಲ ಅಂದ್ರೆ ಸಾಕು."

ಸ್ತುರ್ಲೆ ಬಾಸನ್ನು ತನ್ನ ಕಡೆ ಒರಗಿಸಿಕೊಂಡು ನಾಲ್ಕು ತಂತಿಯನ್ನೂ ಒಂದಾದ ಮೇಲೊಂದು ಮೀಟಿದ. ನಾಲ್ಕೂ ಒಂದಿಷ್ಟೂ ಜಾರದೆ ನಿಂತಿದ್ದವು. ಇವತ್ತು ಅವಳು ಬಿರಡೆ ಮುಟ್ಟಿರಲಿಲ್ಲ. ತೀರ್ಮಾನವನ್ನು ಅವನ ಕೈಗೆ ಬಿಟ್ಟಿದ್ದಳು. ಒಂದು 'ಇಲ್ಲ' ಅಂದರೆ ಸಾಕು, ನಾಳೆ ನಾಲ್ಕಕ್ಕೂ ಆ ಗಡಗಡ ಸದ್ದು ಕೇಳಿಸುತ್ತದೆ. ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬಹಳ ಆಸೆಯಾಯಿತು.

"ತಂತಿ ತಯಾರಾಗಿದೆ," ಎಂದ. "ನಾನು ತಯಾರಾಗಿಲ್ಲ."

ರಾಗ್ನಿ ಬಾಸಿನ ಕತ್ತಿಗೆ ಕೈಯೂರಿದಳು.

"ನೀವು ಹೋದ್ರೆ ಈ ಅಂಗಡೀಲಿ ನನಗೆ ನಾಲ್ಕು ಗಂಟೆ ಅನ್ನೋದೇ ಇರಲ್ಲ. ನಿಮ್ಮನ್ನ ಪ್ರೀತಿಸ್ತಿದೀನಿ. ಆದ್ರೆ ನಿಮ್ಮ ತಂತಿ ಮೇಲೆ ಸುಳ್ಳು ಹೇಳಲ್ಲ. ಹೋಗಿ, ನುಡಿಸಿ ಬನ್ನಿ."

ಅವಳ ಕಣ್ಣು ತುಂಬಿತು. ಅವನ ಭುಜಕ್ಕೆ ಹಣೆಯೊತ್ತಿ ಒಂದು ಗಳಿಗೆ ನಿಂತಳು. ನಡುವೆ ಬಾಸು ಇದ್ದದ್ದರಿಂದ ಅಷ್ಟೇ ಸಾಧ್ಯವಾಯಿತು.

ಮರುದಿನ ಮೂರೂವರೆಗೆ ಫೋನ್ ಬಂತು.

"ಸಿಕ್ತು," ಎಂದಳು ರಾಗ್ನಿ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುತ್ತಿರಲಿಲ್ಲ. "ಪರದೆ ಹಿಂದೆ ನುಡಿಸ್ದೆ. ಮುಗಿಸಿದಾಗ ಯಾರೋ ಇನ್ನೊಂದ್ಸಲ ನುಡಿಸಿ ಅಂದ್ರು. ತಪ್ಪು ಮಾಡಿದ್ನಾ ಅಂತ ಕೇಳ್ದೆ. ಇಲ್ಲ, ಸುಮ್ನೆ ಕೇಳೋಣ ಅನ್ನಿಸ್ತು ಅಂದ್ರು."

ಸ್ತುರ್ಲೆ ಗೋಡೆಗೆ ಒರಗಿದ. "ಯಾವಾಗ ಸೇರ್ಬೇಕು?"

"ಆಗಸ್ಟ್‌ಗೆ." ಆಮೇಲೆ ಅವಳ ದನಿ ಬದಲಾಯಿತು. ಮೊದಲ ಸಲ 'ನೀವು' ಬಿಟ್ಟಿದ್ದಳು. "ಕೇಳೋ ಇಲ್ಲಿ. ಈ ಊರಲ್ಲಿ ಏಳು ಬಾಸು ಇದಾವಂತೆ, ರಿಪೇರಿಗೆ ಒಬ್ಬನೂ ಇಲ್ವಂತೆ. ಕೆಲಸ ಬಂದ್ರೆ ಟ್ರೋಂಡ್‌ಹೈಮ್‌ಗೆ ಕಳಿಸ್ತಾರಂತೆ. ನಾನು ಎಲ್ಲಾ ವಿಚಾರಿಸ್ದೆ, ಆಡಿಷನ್‌ಗಿಂತ ಮುಂಚೇನೇ."

"ಮುಂಚೇನೇ?"

"ಸಿಗದೇ ಇದ್ದಿದ್ರೆ ನಾನು ನಿನ್ನ ಹತ್ರ ಬರ್ತಿದ್ದೆ. ಸಿಕ್ಕಿದೆ. ಹೋಗು ಅಂತ ಕಳಿಸ್ದೋನು ನೀನು, ಈಗ ಬರ್ಬೇಕಾದೋನೂ ನೀನೇ. ಬರ್ತೀಯಾ?"

ಸ್ತುರ್ಲೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಿಂದಿನಿಂದ ಫೋನ್ ಕಿತ್ತುಕೊಂಡಳು.

"ಬರ್ತಾನೆ ಕಣಮ್ಮ," ಎಂದಳು. "ಮುಖ ನೋಡ್ತಿದೀನಲ್ಲ."