ಸಿಂಗಾಪುರ ಸುತ್ತಿ ಬರುವ ಚಿತ್ರಗಳು

"ಈ ನೆಟ್‌ವರ್ಕ್ ಕಟ್ಟಿದವರು ಯಾರು? ಅವರಿಗೆ ಭೂಗೋಳ ಗೊತ್ತಿಲ್ಲವಾ?"

ಸಭೆಯಲ್ಲಿದ್ದ ಹನ್ನೊಂದು ಮಂದಿಯೂ ಒಮ್ಮೆಗೇ ಸಾತ್ವಿಕಾಳ ಕಡೆ ತಿರುಗಿದರು.

ಅವಳ ಕಿವಿ ಬಿಸಿಯಾಯಿತು.

ಮೂಡುಬಿದಿರೆಯ 'ಪ್ರತಿಬಿಂಬ ಸ್ಕ್ಯಾನ್ ಸೆಂಟರ್'ನಲ್ಲಿ ಐದು ವರ್ಷದಿಂದ ಕಂಪ್ಯೂಟರ್, ಕೇಬಲ್, ಕ್ಲೌಡ್ ಎಲ್ಲ ನೋಡಿಕೊಳ್ಳುವವಳು ಅವಳೊಬ್ಬಳೇ. ಬಂಟ್ವಾಳ ಮತ್ತು ಬೆಳ್ತಂಗಡಿಯ ಶಾಖೆಗಳೂ ಅವಳ ತಲೆಯ ಮೇಲೆಯೇ. ಈ ಮನುಷ್ಯ ಶೋಧನ್, ಖರ್ಚು ಕಡಿಮೆ ಮಾಡಿಸಲು ಮಂಗಳೂರಿನಿಂದ ಕರೆಸಿದ ಸಲಹೆಗಾರ, ಬಂದು ಇನ್ನೂ ಒಂದು ಗಂಟೆ ಆಗಿಲ್ಲ!

"ನೋಡಿ," ಅವನು ಗೋಡೆಯ ಪರದೆ ತೋರಿಸಿದ. "ಬೆಳ್ತಂಗಡಿಯಲ್ಲಿ ಸ್ಕ್ಯಾನ್ ಮಾಡ್ತೀರಿ. ಚಿತ್ರ ಮುಂಬೈ ಕ್ಲೌಡಿಗೆ ಹೋಗ್ತದೆ. ಮೇಲೆ ಕಳಿಸುವುದಕ್ಕೆ ಖರ್ಚಿಲ್ಲ. ಆದರೆ ಅದನ್ನು ತೆರೆದು ತೋರಿಸುವ ಸಾಫ್ಟ್‌ವೇರ್ ಸಿಂಗಾಪುರದಲ್ಲಿ ಕೂತಿದೆ! ಡಾಕ್ಟ್ರು ಒಂದು ಸಲ ನೋಡಬೇಕಾದರೆ ಮುಂಬೈಯಿಂದ ಸಿಂಗಾಪುರಕ್ಕೆ ಒಂದು ಬಾಡಿಗೆ, ಸಿಂಗಾಪುರದಿಂದ ಬೆಳ್ತಂಗಡಿಗೆ ಇನ್ನೊಂದು ಬಾಡಿಗೆ. ಹತ್ತು ಸಲ ನೋಡಿದರೆ ಹತ್ತು ಸಲ. ತಿಂಗಳಿಗೆ ಒಂದು ಲಕ್ಷ ತೊಂಬತ್ತು ಸಾವಿರ, ಬರೇ ಚಿತ್ರ ಓಡಾಡಿಸಲಿಕ್ಕೆ!"

ಮ್ಯಾನೇಜರ್ ನಿತ್ಯಾನಂದ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದರು.

ಸಿಂಗಾಪುರದ ಆ ಸಾಫ್ಟ್‌ವೇರ್ ಆರಿಸಿದ್ದು ಅವರು. ಬೇಡ ಎಂದು ಬರೆದುಕೊಟ್ಟದ್ದು ಅವಳು. ಈಗ ತಲೆ ತಗ್ಗಿಸಬೇಕಾದದ್ದು ಅವಳಾ?

ಸಾತ್ವಿಕಾ ಎದ್ದು ನಿಂತಳು.

"ಕಟ್ಟಿದವಳು ನಾನು. ಸಿಂಗಾಪುರ ಆರಿಸಿದವಳು ನಾನಲ್ಲ. ಎರಡು ವರ್ಷದ ಹಿಂದೆ ಇದನ್ನೇ ಆರು ಪುಟ ಬರೆದು ಕೊಟ್ಟಿದ್ದೇನೆ. ಭೂಗೋಳ ನನಗೆ ಗೊತ್ತುಂಟು. ಸರ್‌ಗೆ ಓದ್ಲಿಕ್ಕೆ ಪುರುಸೊತ್ತು ಇರ್ಲಿಲ್ಲ."

"ಆಯ್ತಾಯ್ತು, ಈಗ ಚಾ ಕುಡಿಯುವ," ಎಂದು ನಿತ್ಯಾನಂದ ಸಭೆ ಮುಗಿಸಿಬಿಟ್ಟರು.

ಹತ್ತು ನಿಮಿಷಕ್ಕೆ ಶೋಧನ್ ಅವಳ ಮೇಜಿನ ಮುಂದೆ.

"ಆ ಆರು ಪುಟ... ನಾನು ಓದಬಹುದಾ ಮೇಡಂ?"

"ಮೊದಲು ಬೈದು ಆಮೇಲೆ ಓದುವುದಾ ನಿಮ್ಮ ಕ್ರಮ?"

ಅವನ ಮುಖ ಸಣ್ಣದಾಯಿತು. "ತಪ್ಪಾಯ್ತು. ಕ್ಷಮಿಸಿ."

"ಬೈದದ್ದು ಎಲ್ಲರ ಎದುರು. ಕ್ಷಮೆ ಮಾತ್ರ ಮೂಲೆಯಲ್ಲಾ?"

ಅವನು ತಿರುಗಿ ಹೋದ. 'ಹೋಗಲಿ, ಸೂಟು ಬೂಟಿನ ಅಹಂಕಾರ!' ಎಂದುಕೊಂಡಳು.

ಆದರೆ ಮರುದಿನದ ಸಭೆಯಲ್ಲಿ ಅವನು ಕೂರುವ ಮೊದಲೇ ಹೇಳಿದ: "ನಿನ್ನೆ ನಾನು ಸಾತ್ವಿಕಾ ಮೇಡಂ ಬಗ್ಗೆ ಹೇಳಿದ್ದು ತಪ್ಪು. ನಿತ್ಯಾನಂದರ ಫೈಲಿನಿಂದ ತೆಗೆಸಿ ಅವರ ಆರು ಪುಟ ಓದಿದೆ. ನನ್ನ ವರದಿಯಲ್ಲಿ ಇರಬೇಕಾದದ್ದೆಲ್ಲ ಅದರಲ್ಲಿ ಆಗಲೇ ಉಂಟು."

ಸಾತ್ವಿಕಾ ಕಂಪ್ಯೂಟರಿನಿಂದ ಕಣ್ಣು ಎತ್ತಲಿಲ್ಲ. ಆದರೆ ಎದೆಯೊಳಗೆ ಎಂತದೋ ಮೆಲ್ಲಗೆ ಸಡಿಲವಾಯಿತು...

ಆಮೇಲೆ ಮೂರು ವಾರ ಇಬ್ಬರೂ ಒಟ್ಟಿಗೆ ಓಡಾಡಿದರು. ಅವಳ ಯೋಜನೆ ಸರಳವಾಗಿತ್ತು. ತೋರಿಸುವ ಸಾಫ್ಟ್‌ವೇರನ್ನು ಚಿತ್ರಗಳಿರುವ ಮುಂಬೈಗೇ ತರುವುದು. ಎರಡು ವರ್ಷದ ಚಿತ್ರಗಳ ಒಂದೊಂದು ಪ್ರತಿಯನ್ನು ಮೂಡುಬಿದಿರೆಯ ಸರ್ವರಿನಲ್ಲೇ ಇಡುವುದು. ಬಂಟ್ವಾಳ, ಬೆಳ್ತಂಗಡಿಯವರು ಸ್ವಂತ ಲೈನಿನಲ್ಲಿ ಅಲ್ಲಿಂದಲೇ ನೋಡುವುದು. ತೀರಾ ಹಳೆಯದು ಬೇಕಾದರೆ ಮಾತ್ರ ಮುಂಬೈಗೆ ಕೈ ಚಾಚುವುದು.

"ಮನೆಯ ಬಾವಿಯಲ್ಲಿ ನೀರಿದ್ದರೆ ಟ್ಯಾಂಕರ್ ಯಾಕೆ ಮಾರಾಯ್ರೆ?" ಎಂದಳು ಒಮ್ಮೆ, ಗುರುವಾಯನಕೆರೆಯ ಹೋಟೆಲಿನಲ್ಲಿ ಗೋಳಿಬಜೆ ಮುರಿಯುತ್ತ.

ಶೋಧನ್ ನಕ್ಕ. ಬಂಟ್ವಾಳದವನೇ, ಆರು ವರ್ಷ ಮಸ್ಕತ್‌ನಲ್ಲಿದ್ದು ಬಂದವನು. ತುಳುವಿನಲ್ಲಿ ನಗುವವರ ನಗುವೇ ಬೇರೆ ಎಂದು ಅವಳಿಗೆ ಅನಿಸಿತು. ಕೂಡಲೇ ತನ್ನನ್ನೇ ಗದರಿಕೊಂಡಳು. 'ಎಂತ ಹುಚ್ಚು ನಿನಗೆ ಸಾತ್ವಿಕಾ!'

ಮೂರನೇ ವಾರದ ಶುಕ್ರವಾರ ಬೆಳಿಗ್ಗೆ ಬೆಳ್ತಂಗಡಿ ಶಾಖೆಯಿಂದ ಟೆಕ್ನೀಷಿಯನ್ ಸಜ್ನಾಳ ಫೋನು ಬಂತು.

"ಅಕ್ಕಾ, ಹಳೆಯ ಸ್ಕ್ಯಾನ್ ಯಾವುದೂ ತೆರೀತಾ ಇಲ್ಲ! ಆರು ತಿಂಗಳಿಗಿಂತ ಹಿಂದಿನದ್ದಕ್ಕೆಲ್ಲ ತಡೆ ಅಂತ ಬರ್ತದೆ. ಮುಂಡಾಜೆಯ ಲೋಲಾಕ್ಷಿ ಅಕ್ಕ ಬಂದು ಕೂತಿದ್ದಾರೆ. ಶ್ವಾಸಕೋಶದಲ್ಲಿ ಚುಕ್ಕೆ ಇತ್ತಲ್ಲ, ಅವರು. ಹೋದ ವಾರ ತೆಗೆದದ್ದುಂಟು, ಆದರೆ ಕಳೆದ ವರ್ಷದ್ದು ನೋಡದೆ ಡಾಕ್ಟ್ರು ಏನೂ ಹೇಳುವ ಹಾಗಿಲ್ಲ."

"ತಡೆ? ಯಾರು ಹಾಕಿದ್ದು?"

"ಇಮೇಲ್ ಬಂದಿದೆ ಅಕ್ಕಾ. ವೆಚ್ಚ ನಿಯಂತ್ರಣ ಅಂತೆ. ಕೆಳಗೆ... ಶೋಧನ್ ಸರ್ ಹೆಸರುಂಟು. ಹಳೆಯದು ಬೇಕು ಅಂದವರಿಗೆ ಹೊಸ ಸ್ಕ್ಯಾನ್ ಮಾಡಿಸಿ ಅನ್ನಬೇಕಂತೆ."

ಸಾತ್ವಿಕಾ ಬ್ಯಾಗೆತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು.

ವೇಣೂರಿನ ದಾರಿಯಾಗಿ ಹೋಗುವ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿದರೂ ಕೂರಲಿಲ್ಲ. ಕೂರಲು ಆಗಲಿಲ್ಲ. ಬಿಲ್ಲು ಇಳಿಸಬೇಕು, ಸರಿ. ಅದಕ್ಕೆ ಕಾಯಿಲೆಯವರ ಚಿತ್ರಕ್ಕೇ ಬೀಗವಾ? ಅವರದೇ ಎದೆಯ ಚಿತ್ರ, ಅವರೇ ದುಡ್ಡು ಕೊಟ್ಟು ತೆಗೆಸಿದ್ದು! ಮೂರು ವಾರ ನನ್ನ ಪಕ್ಕದಲ್ಲಿ ಕೂತು ನಕ್ಕವನು ಹಿಂದಿನಿಂದ ಇದನ್ನಾ ಬರೆದದ್ದು?

ಬೆಳ್ತಂಗಡಿಯ ಶಾಖೆಯಲ್ಲಿ ಲೋಲಾಕ್ಷಿ ಬೆಂಚಿನ ತುದಿಯಲ್ಲಿ ಕೂತಿದ್ದರು. ಅಡಿಕೆ ಸುಲಿದು ಕಪ್ಪಾದ ಬೆರಳುಗಳಲ್ಲಿ ಹೊಸ ಸ್ಕ್ಯಾನಿನ ಚೀಟಿ ಇತ್ತು.

"ಮಗಾ, ಇನ್ನೊಮ್ಮೆ ಆ ಮೆಷಿನ್ನಿನ ಒಳಗೆ ಹೋಗಬೇಕಾ? ನನ್ನದು ಜಾಸ್ತಿ ಆಗಿದೆಯಾ? ಅದಕ್ಕಾ ಇವರು ಹೇಳದೆ ಇರುವುದು?"

"ಇಲ್ಲ ಅಕ್ಕಾ. ಮೆಷಿನ್ನಿಗೆ ಹೋಗುವುದು ಬೇಡ. ಐದು ನಿಮಿಷ ಕೂತ್ಕೊಳ್ಳಿ."

ಸಾತ್ವಿಕಾ ತನ್ನ ಸ್ವಂತ ಪಾಸ್‌ವರ್ಡ್ ಹಾಕಿ ಲೋಲಾಕ್ಷಿಯ ಚಿತ್ರಗಳ ಮೇಲಿದ್ದ ತಡೆಯನ್ನು ತೆಗೆದಳು. ಅದು ಆದೇಶ ಮೀರುವುದು ಎಂದು ಗೊತ್ತಿತ್ತು. ಗೊತ್ತಿದ್ದೇ ತೆಗೆದಳು.

ಡಾಕ್ಟರು ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರು. "ಚುಕ್ಕೆ ಇದ್ದಷ್ಟೇ ಇದೆ. ಒಂದು ಎಳೆಯೂ ಬೆಳೆದಿಲ್ಲ. ನೆಮ್ಮದಿಯಿಂದ ಮನೆಗೆ ಹೋಗಿ."

ಲೋಲಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು.

ಅಷ್ಟರಲ್ಲಿ ವಿಷಯ ತಿಳಿದು ಶೋಧನ್ ಓಡಿಕೊಂಡು ಬಂದ. ಸಾತ್ವಿಕಾ ಅವನನ್ನು ಹೊರಗಿನ ಅಂಗಳದಲ್ಲೇ ತಡೆದಳು.

"ಆ ಆದೇಶದಲ್ಲಿ ಹೆಸರು ನಿಮ್ಮದಾ?"

"...ನನ್ನದೇ."

"ಸಹಿ?"

"ನನ್ನದೇ. ಆದರೆ ಸಾತ್ವಿಕಾ..."

"ಆದರೆ ಗೀದರೆ ಎಂತದೂ ಬೇಡ! ಒಳಗೆ ಒಬ್ಬರು ತಾನು ಸಾಯ್ತೇನೆ ಅಂತ ಎರಡು ಗಂಟೆ ಕೂತಿದ್ದರು, ನಿಮಗೆ ಗೊತ್ತುಂಟಾ? ನೋಡ್ಲಿಕ್ಕೆ ಬಿಡದಿದ್ದರೆ ಬಿಲ್ಲು ಇಳೀತದೆ, ಹೊಸ ಸ್ಕ್ಯಾನ್ ಮಾಡಿಸಿದರೆ ಲಾಭವೂ ಬರ್ತದೆ. ಭಾರೀ ಬುದ್ಧಿವಂತಿಕೆ! ನಿಮ್ಮನ್ನು... ನಿಮ್ಮನ್ನು ನಾನು..."

'ನಂಬಿದ್ದೆ' ಎಂದು ಹೇಳಲು ಅವಳ ಸ್ವಾಭಿಮಾನ ಬಿಡಲಿಲ್ಲ. ತಿರುಗಿ ನಡೆದುಬಿಟ್ಟಳು. ಅವನ ನಂಬರನ್ನೂ ಬ್ಲಾಕ್ ಮಾಡಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು... ಸಿಟ್ಟಿಗೆ, ಸಿಟ್ಟಿಗೆ ಮಾತ್ರ ಎಂದು ತನಗೆ ತಾನೇ ಹೇಳಿಕೊಂಡಳು.

ಸೋಮವಾರ ಅವಳ ಮೇಜಿನ ಮೇಲೆ ನೋಟಿಸು. ಆದೇಶ ಉಲ್ಲಂಘನೆ! ನಿತ್ಯಾನಂದರ ಸಹಿ.

ವಿಚಾರಣೆಗೆ ಸಂಸ್ಥೆ ಕಟ್ಟಿದ ಡಾಕ್ಟರ್ ಕಾಂತಿಯೇ ಬಂದು ಕೂತರು. ಅರವತ್ತೆಂಟು ವಯಸ್ಸಿನ, ಕಡಿಮೆ ಮಾತಿನ ಹೆಂಗಸು.

"ತಡೆ ತೆಗೆದದ್ದು ನೀನಾ?"

"ಹೌದು ಡಾಕ್ಟ್ರೇ. ನಾಳೆ ಅಂಥವರು ಬಂದರೆ ನಾಳೆಯೂ ತೆಗೀತೇನೆ. ಕೆಲಸ ಹೋದರೆ ಹೋಗಲಿ."

"ನೋಡಿದಿರಾ ಉದ್ಧಟತನ!" ನಿತ್ಯಾನಂದ ಮುಂದೆ ಬಾಗಿದರು. "ಸಲಹೆಗಾರರು ಸಹಿ ಹಾಕಿ ಕೊಟ್ಟ ಆದೇಶ ಅದು."

ಆಗ ಬಾಗಿಲಿನ ಹತ್ತಿರದ ಕುರ್ಚಿಯಿಂದ ಶೋಧನ್ ಎದ್ದ. ಅವನು ಬಂದದ್ದನ್ನೇ ಸಾತ್ವಿಕಾ ನೋಡಿರಲಿಲ್ಲ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ಇದು ನಾನು ಕಳಿಸಿದ ವರದಿ," ಎಂದು ಒಂದು ಪ್ರತಿಯನ್ನು ಡಾಕ್ಟರ್ ಕಾಂತಿಯ ಮುಂದಿಟ್ಟ. "ಇದರಲ್ಲಿ ತಡೆ ಅನ್ನುವ ಮಾತಿಲ್ಲ. ಸಾತ್ವಿಕಾ ಮೇಡಂ ಯೋಜನೆ ಮಾತ್ರ ಉಂಟು. ಇದು ನಿತ್ಯಾನಂದರು ಸಹಿಗೆ ವಾಪಸ್ ಕಳಿಸಿದ್ದು. ಕೊನೆಯ ಪುಟ ಹೊಸತು. ತಡೆ ಇರುವುದು ಅಲ್ಲಿ."

ಕಾಂತಿ ಎರಡನ್ನೂ ತಿರುವಿ ನೋಡಿದರು.

"ಮತ್ತೆ ನೀನು ಸಹಿ ಯಾಕೆ ಹಾಕಿದೆ?" ಕಾಂತಿ ಕೇಳಿದರು.

"ಓದಲಿಲ್ಲ ಡಾಕ್ಟ್ರೇ. ಸಣ್ಣ ತಿದ್ದುಪಡಿ ಅಂದರು, ಮೊಬೈಲಿನಲ್ಲೇ ಹಾಕಿಬಿಟ್ಟೆ. ಬರೆದವರಿಗಾದರೂ ಒಂದು ಕಾರಣ ಇರ್ತದೆ. ಓದದೆ ಸಹಿ ಹಾಕಿದವನಿಗೆ ಎಂತ ಉಂಟು? ಹಾಗಾಗಿ ತಪ್ಪು ನನ್ನದೂ ಹೌದು. ಉಳಿಸಿದ ದುಡ್ಡಿನಲ್ಲಿ ನನಗೆ ಪಾಲು ಅಂತ ಒಪ್ಪಂದ ಇತ್ತು. ಅದು ನನಗೆ ಬೇಡ. ಆದರೆ ನೋಟಿಸು ಕೊಡುವುದಾದರೆ ನನಗೆ ಕೊಡಿ. ಸಾತ್ವಿಕಾ ಮೇಡಂ ಮಾಡಿದ್ದು ನಾವೆಲ್ಲ ಮಾಡಬೇಕಾಗಿದ್ದ ಕೆಲಸ."

ಸಾತ್ವಿಕಾಳ ಕಣ್ಣು ಮಂಜಾಯಿತು. ಆ ದಿನ ಅಂಗಳದಲ್ಲಿ ಅವನು 'ಆದರೆ' ಅಂದಿದ್ದ. ಅವಳು ಕೇಳಲಿಲ್ಲ. ಕೇಳಿದ್ದರೂ ಸಿಟ್ಟು ಹೋಗುತ್ತಿತ್ತಾ? ಇಲ್ಲ... ಓದದೆ ಸಹಿ ಹಾಕುವುದು ಸಣ್ಣ ತಪ್ಪಾ? ಆದರೂ, ಇಷ್ಟು ಜನರ ಎದುರು ತನ್ನ ತಪ್ಪನ್ನು ಹೀಗೆ ಬಿಡಿಸಿ ಹೇಳುವವರನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಕಾಂತಿ ನೋಟಿಸನ್ನು ಎರಡಾಗಿ ಹರಿದರು.

"ತಡೆ ಇವತ್ತೇ ತೆಗೀರಿ. ಸಾತ್ವಿಕಾ, ನಿನ್ನ ಯೋಜನೆ ನೀನೇ ನಡೆಸು. ನಿತ್ಯಾನಂದ, ನೀವು ನನ್ನ ಕೋಣೆಗೆ ಬನ್ನಿ."

ಯೋಜನೆ ಮುಗಿಯಲು ಒಂದೂವರೆ ತಿಂಗಳು ಬೇಕಾಯಿತು. ಸಾಫ್ಟ್‌ವೇರ್ ಮುಂಬೈಗೆ ಬಂತು, ಮೂಡುಬಿದಿರೆಯ ಸರ್ವರು ತುಂಬಿತು. ಓಡಾಟದ ಬಿಲ್ಲು ಮೂವತ್ತು ಸಾವಿರದ ಒಳಗೆ ಇಳಿಯಿತು, ಒಬ್ಬರ ಚಿತ್ರಕ್ಕೂ ಬೀಗ ಹಾಕದೆ. ಶೋಧನ್ ದಿನಾ ಬರುತ್ತಿದ್ದ, ಹೇಳಿದ ಕೆಲಸ ಮಾಡುತ್ತಿದ್ದ. ಸಾತ್ವಿಕಾ ಕೆಲಸದ ಮಾತು ಬಿಟ್ಟು ಬೇರೆ ಒಂದು ಅಕ್ಷರ ಆಡಲಿಲ್ಲ.

ಕೊನೆಯ ದಿನ ಬೆಳ್ತಂಗಡಿಯ ಲೈನು ಪರೀಕ್ಷೆ ಮುಗಿಸಿ ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ಮಧ್ಯಾಹ್ನದ ಬಸ್ಸು ಖಾಲಿ ಇತ್ತು. ಸಾತ್ವಿಕಾ ಕಿಟಕಿ ಹಿಡಿದು ಕೂತಳು, ಪಕ್ಕದಲ್ಲಿ ಬ್ಯಾಗಿಟ್ಟಳು. ಶೋಧನ್ ಕಂಬಿ ಹಿಡಿದು ನಿಂತೇ ಇದ್ದ.

"ನಾಳೆಯಿಂದ ನನಗೆ ಇಲ್ಲಿ ಕೆಲಸ ಇಲ್ಲ," ಅಂದ.

"ಗೊತ್ತುಂಟು."

"ಕೆಲಸ ಇಲ್ಲದೆಯೂ ಬರಬಹುದಾ?"

"ಕೆಲಸ ಇಲ್ಲದೆ ಯಾಕೆ ಬರುವುದು?"

"ನಿಮ್ಮನ್ನು ನೋಡ್ಲಿಕ್ಕೆ." ಅವನು ಸ್ವಲ್ಪ ಬಾಗಿದ. "ನನಗೆ ನಿಮ್ಮನ್ನು ಬಿಟ್ಟು ಇರಲು ಕಷ್ಟ ಆಗ್ತದೆ ಸಾತ್ವಿಕಾ. ನೀವು ಬೈದರೂ ಸರಿ, ಬೈಯುವಷ್ಟು ಹತ್ತಿರ ಇರ್ತೇನೆ."

ಅವಳು ಬ್ಯಾಗಿನ ಪಟ್ಟಿ ಸರಿಪಡಿಸಿದಳು.

"ನನಗೆ ಇನ್ನೂ ಸಿಟ್ಟು ಉಂಟು."

"ಇರಲಿ. ಹೋಗುವವರೆಗೆ ಕಾಯ್ತೇನೆ."

"ಹೋಗದಿದ್ದರೆ?"

"ಸಿಟ್ಟಿನವರ ಪಕ್ಕದಲ್ಲೇ ಕೂತಿರ್ತೇನೆ. ನೀವು ಜಾಗ ಕೊಟ್ಟರೆ."

ಸಾತ್ವಿಕಾ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅವನು ಕೂತ, ಮೈ ಮುದುಡಿಕೊಂಡು. ಬಸ್ಸು ಹೊರಟಿತು.

"ಆದಿತ್ಯವಾರ ಪೊಳಲಿಗೆ ಬನ್ನಿ," ಎಂದಳು, ಕಿಟಕಿಯ ಹೊರಗೆ ನೋಡುತ್ತ. "ನಮ್ಮ ಮನೆಗೆ. ಅಮ್ಮನಿಗೆ ಎಲ್ಲ ಹೇಳಿದ್ದೇನೆ. ಅವರಿಗೂ ನಿಮ್ಮ ಮೇಲೆ ಸಿಟ್ಟು ಉಂಟು."

"ಅಯ್ಯೋ! ಹಾಗಾದರೆ ಎಷ್ಟು ಹೊತ್ತಿಗೆ ಬರಲಿ?"

"ಬೇಗ ಬನ್ನಿ. ಬೈಗುಳ ಮುಗಿಯಬೇಕಲ್ಲ..." ಅವಳು ಮೊದಲ ಸಲ ಅವನ ಕಡೆ ತಿರುಗಿದಳು. ಕಣ್ಣಿನಲ್ಲಿ ನೀರು, ತುಟಿಯಲ್ಲಿ ನಗು. "ಆಮೇಲೆ ಒಟ್ಟಿಗೆ ಊಟ ಮಾಡುವ."

"ಮಾಡುವ," ಎಂದ ಶೋಧನ್. ಸೀಟಿನ ಮೇಲಿದ್ದ ಅವಳ ಬೆರಳುಗಳ ಮೇಲೆ ಮೆಲ್ಲಗೆ ಕೈಯಿಟ್ಟ.

ಅವಳು ಕೈ ತೆಗೆಯಲಿಲ್ಲ.