ಗುಂಡನ ಬಾತುಕೋಳಿಗಳು

"ಇಂಜೆಕ್ಷನ್ ತಂದಿದ್ದೀರಿ ತಾನೆ?"

ಬಾಗಿಲು ತೆಗೆದ ಕೂಡಲೇ ಮನೆಯ ಯಜಮಾನ ಆಡಿದ ಮೊದಲ ಮಾತು ಅದು. ಪ್ರಾಣಿಗಳ ಡಾಕ್ಟರಮ್ಮನಿಗೆ ಪಿತ್ತ ನೆತ್ತಿಗೇರಿತು. ಬೆಳಿಗ್ಗೆ ಫೋನಿನಲ್ಲೂ ಆತ ಹೇಳಿದ್ದು ಇಷ್ಟೇ: ಗುಂಡ ನಮ್ಮ ತಾಯಿಯ ಕೈ ಕಚ್ಚಿದ್ದಾನೆ, ಇವತ್ತೇ ಮುಗಿಸಿಬಿಡಿ, ನಿಮ್ಮಿಂದಾಗದಿದ್ದರೆ ಬೇರೆಯವರನ್ನು ಕರೆಸುತ್ತೇನೆ. ಗುಂಡನನ್ನು ಅವಳು ಅಂಗೈಯಗಲದ ಮರಿಯಾಗಿದ್ದಾಗಿನಿಂದ ಬಲ್ಲಳು. ಸೂಜಿ ಚುಚ್ಚಿದ ಕೈಯನ್ನೇ ನೆಕ್ಕುವ ನಾಯಿ ಅದು. ಅದಕ್ಕೇ ಅವಳು ಔಷಧಿಯ ಬದಲು ಮಾವನನ್ನು ಕರೆದುಕೊಂಡು ಬಂದಿದ್ದಳು.

ಮಾವ ಎಂದರೆ ಅವಳ ತಾಯಿಯ ತಮ್ಮ. ಪೊಲೀಸ್ ಇಲಾಖೆಯಲ್ಲಿ ಪತ್ತೆ ಕೆಲಸ ಮಾಡಿ ನಿವೃತ್ತನಾದವನು. ಕಳುವಾದ ಬೆಕ್ಕು, ವಿಷ ಉಂಡ ಕುದುರೆ, ಇಂಥ ಎಷ್ಟೋ ಗೋಜಲುಗಳನ್ನು ಅವಳ ಕಣ್ಣೆದುರೇ ಬಿಡಿಸಿದ್ದ. ಬೇರೆಯವರು ಕೋಪ ಬಂದರೆ ಕೂಗುತ್ತಾರೆ. ಮಾವನ ದನಿ ಮೆತ್ತಗಾಗುತ್ತಿತ್ತು.

"ಏನಾಯ್ತು ಹೇಳಿ," ಎಂದ ಅವನು, ಬಹಳ ಮೆತ್ತಗೆ.

"ನಾನೇನು ಕಂಡೆ ಸ್ವಾಮಿ? ಬೆಳಕು ಹರಿಯೋ ಮೊದಲೇ ವಾಕಿಂಗ್ ಹೋಗಿದ್ದೆ. ವಾಪಸ್ ಗೇಟ್ ಹತ್ರ ಬಂದ್ರೆ ನನ್ನ ತಮ್ಮ ಅಮ್ಮನ್ನ ಬೈಕ್ ಮೇಲೆ ಕೂರಿಸ್ಕೊಂಡು ಆಸ್ಪತ್ರೆಗೆ ಹೊರಟಿದ್ದ. ‘ಗುಂಡ ಕಚ್ಚಿಬಿಟ್ಟ’ ಅಂತ ಒಂದು ಮಾತು ಕೂಗಿ ಹೋದ. ಆ ಟಿವಿ ಕೋಣೆ ಕಡೆ ನಾನು ತಲೆ ಹಾಕೋದೇ ಇಲ್ಲ. ಮನುಷ್ಯರ ಕೈ ಯಾವುದು, ಮೊಲ ಯಾವುದು ಅಂತ ತಿಳೀದ ನಾಯೀನ ಮನೇಲಿ ಇಟ್ಕೋಬೇಕಾ?" ಎಂದು ಆತ ಕರವಸ್ತ್ರದಿಂದ ಕಣ್ಣೊರೆಸಿಕೊಂಡ.

ಟಿವಿ ಕೋಣೆಯ ನೆಲದ ಮೇಲೆ ಅವನ ಹೆಂಡತಿ ಕೂತಿದ್ದಳು. ಬೇಕರಿ ನಡೆಸುವವಳು, ಮೊಣಕೈವರೆಗೂ ಮೈದಾ ಮೆತ್ತಿತ್ತು. ಸುದ್ದಿ ಕೇಳಿ ಹಾಗೇ ಓಡಿ ಬಂದಿದ್ದಳು. ಗುಂಡ ಅವಳ ಮಡಿಲಲ್ಲಿ ಮೂತಿ ಹುದುಗಿಸಿ ನಡುಗುತ್ತಿದ್ದ.

"ಡಾಕ್ಟ್ರೇ, ಇವನನ್ನ ಮುಟ್ಟೋ ಮೊದಲು ನನ್ನನ್ನ ಚುಚ್ಚಿ," ಎಂದಳು.

ಮೂಲೆಯಲ್ಲಿ ಗಿಡ್ಡ ಮಣೆಯೊಂದರ ಮೇಲೆ, ಗುಂಡನ ಕಣ್ಣಿನ ಮಟ್ಟಕ್ಕೆ ಟಿವಿ ಇತ್ತು. ಪರದೆಯ ಮುಂದೆ ಗಟ್ಟಿ ತಂತಿ ಬಲೆ. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು.

"ಇವನಿಗೆ ಕಾರ್ಯಕ್ರಮ ಆರಿಸೋರು ಯಾರಮ್ಮ?" ಮಾವ ಅವಳೆದುರು ನೆಲದ ಮೇಲೇ ಕೂತ.

"ನಾನೇ. ಪಕ್ಕದಲ್ಲಿ ಕೂತು ಇವನ ಕಿವಿ ನೋಡ್ತೀನಿ. ಬೇರೆ ನಾಯಿ ಬೊಗಳಿದ್ರೆ ಕಿವಿ ಹಿಂದಕ್ಕೆ ಹೋಗುತ್ತೆ, ಅಂಥದ್ದು ಬೇಡ. ಬಾಗಿಲ ಬೆಲ್ ಕೇಳೋದು ಬೇಡ. ಓಡೋ ಪ್ರಾಣಿ ಅಂತೂ ಸುತರಾಂ ಬೇಡ. ಪರದೆ ಅಂಚಿಂದ ಆಚೆ ಓಡಿದ್ದೆಲ್ಲ ಟಿವಿ ಹಿಂದೆ ಅಡಗಿದೆ ಅಂತ ಈ ಪೆದ್ದ ಹಿಂದಕ್ಕೆ ನುಗ್ಗಿ ಹುಡುಕ್ತಾನೆ. ಅದಕ್ಕೇ ಬಾತುಕೋಳಿಗಳನ್ನ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೀನಿ. ಕೊಳದ ಮಧ್ಯೆ ತೇಲ್ತಾ ಇರ್ತವೆ, ಎಲ್ಲಿಗೂ ಹೋಗಲ್ಲ. ನಿನ್ನೆ ಸಂಜೇನೂ ಅದನ್ನೇ ನೋಡಿದ."

"ಈ ಬಲೆ?"

"ಮೈದುನ ಹಾಕಿಸಿದ್ದು. ಗುಂಡ ಎದುರಿಂದ ಹಾರಿ ಪರದೆ ಒಡೀತಾನೆ ಅಂತ ಅವನ ಹೆದರಿಕೆ. ಈ ಕೋಣೆ ತನಗೆ ಬೇಕು ಅಂತ ದಿನಾ ಜಗಳ ಬೇರೆ."

"ಇವನ ಜೊತೆ ಯಾವಾಗಲೂ ನೀವೇ ಕೂರೋದಾ?"

"ನಾನೊಬ್ಬಳೇ. ಸಂಜೆ ಹೊತ್ತು, ಬೇಕರಿಗೆ ರಜೆ ಇದ್ರೆ ಬೆಳಿಗ್ಗೆ. ಇವತ್ತೂ ರಜೆ. ಆದ್ರೆ ಓವನ್ ಕೆಟ್ಟಿದೆ, ನಾಳೆಗೆ ಕಲಸಿದ ಹಿಟ್ಟು ಹಾಳಾಗುತ್ತೆ ಅಂತ ಫೋನ್ ಬಂತು. ಇವರು ಆಗಲೇ ವಾಕಿಂಗ್ ಹೋಗಿದ್ರು. ಮೈದುನ ಬೈಕಲ್ಲಿ ಬಿಟ್ಟು ಬಂದ. ಗುಂಡನ್ನ ಅತ್ತೆಗೆ ಒಪ್ಪಿಸಿ ಹೋದೆ."

ಮಾವ ಟಿವಿಯ ಹಿಂದೆ ಬಗ್ಗಿದ. ಕತ್ತಲೆ ಸಂದಿಯಲ್ಲಿ ಸ್ಪೀಕರಿನ ತಂತಿ ಜೋತಾಡುತ್ತಿತ್ತು. ಅದರ ತುದಿಯನ್ನು ಬೆಳಕಿಗೆ ಹಿಡಿದು ಡಾಕ್ಟರಮ್ಮನಿಗೆ ತೋರಿಸಿದ. "ಹಲ್ಲಿನ ಗುರುತಿದೆಯಾ?"

"ಒಂದೂ ಇಲ್ಲ. ಕೈಯಿಂದ ಬಿಚ್ಚಿದ್ದು."

ಮಾವ ಪ್ಲಗ್ ಸಿಕ್ಕಿಸಿದ. ಪರದೆ ಬೆಳಗಿತು. ಸದ್ದಿಲ್ಲದೆ ಒಂದು ಮೊಲ ಹುಲ್ಲಿನ ಮೇಲೆ ಓಡಿ ಎಡಗಡೆ ಅಂಚಿನಿಂದ ಮಾಯವಾಯಿತು. ಅದರ ಹಿಂದೆ ಇನ್ನೊಂದು. ಗುಂಡ ಮಡಿಲಿನಿಂದ ಚಿಮ್ಮಿ ಟಿವಿಯ ಹಿಂದಕ್ಕೆ ನುಗ್ಗಿದ.

"ಇದು ನಾನು ಹಾಕಿದ್ದಲ್ಲ!" ಬೇಕರಿಯಾಕೆ ಕಿರುಚಿದಳು.

ಅಷ್ಟರಲ್ಲಿ ಆಸ್ಪತ್ರೆಯಿಂದ ಬೇಕರಿಯಾಕೆಯ ಅತ್ತೆ ಮತ್ತು ಮೈದುನ ಬಂದರು. ಮಾವ ಟಿವಿ ಆರಿಸಿ, ಎಲ್ಲರನ್ನೂ ಅದೇ ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿದ. ಮೈದುನ ಕೆಂಡವಾಗಿದ್ದ.

"ನಾಯಿಗೆ ಸಿನಿಮಾ ತೋರಿಸೋ ಮನೇಲಿ ಇನ್ನೇನಾಗುತ್ತೆ! ಅವತ್ತಿಂದ ಬಡ್ಕೋತಿದ್ದೀನಿ, ಯಾರು ಕೇಳ್ತಾರೆ?"

"ನೀವು ಒಳಗೆ ಬಂದಾಗ ಟಿವೀಲಿ ಏನಿತ್ತು?" ಮಾವ ಕೇಳಿದ.

"ಅಮ್ಮನ ಕೈಲಿ ರಕ್ತ ಸುರೀತಿದೆ, ನಾನು ಟಿವಿ ನೋಡ್ಲಾ? ಪ್ಲಗ್ ಕಿತ್ತೆಸೆದು ಅಮ್ಮನ್ನ ಎತ್ಕೊಂಡು ಓಡಿದೆ."

"ಅಮ್ಮ, ನೀವು ಹೇಳಿ."

ಅತ್ತೆ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡಿದ್ದರು. "ಟಿವಿ ಹಾಕಿದ ಕೂಡಲೇ ಮೊಲ ಓಡಾಡೋಕೆ ಶುರುವಾಯ್ತು, ಸದ್ದು ಮಾತ್ರ ಇಲ್ಲ. ತಂತಿ ಸಡಿಲ ಆಗಿರ್ಬೇಕು ಅಂತ ಹಿಂದೆ ಕೈ ಹಾಕಿದೆ. ಕಚ್ಚಿದ್ದೇ ಗೊತ್ತು. ಆಮೇಲೆ ಅದೇ ಹೆದರಿ ಮೂಲೆ ಸೇರ್ತು, ಪಾಪ."

"ಮೊಲದ ವಿಷಯ ಯಾರಿಗೆ ಹೇಳಿದ್ರಿ?"

"ಯಾರಿಗೆ ಹೇಳ್ಲಿ? ಈಗಲೇ ಬಾಯಿಗೆ ಬಂದಿದ್ದು."

ಮಾವ ತಲೆಯಾಡಿಸಿದ. ಅವನ ದನಿ ಎಷ್ಟು ಇಳಿದಿತ್ತೆಂದರೆ ಎಲ್ಲರೂ ಕಿವಿಗೊಡಬೇಕಾಯಿತು.

"ಗುಂಡನಿಗೆ ಹುಚ್ಚೂ ಹಿಡಿದಿಲ್ಲ, ಮನೆಯವರ ಮೇಲೆ ಸಿಟ್ಟೂ ಇಲ್ಲ. ಓಡಿಹೋದ ಮೊಲಾನ ಹುಡುಕ್ತಾ ಕತ್ತಲೆ ಸಂದಿಗೆ ನುಗ್ಗಿದ. ಅಲ್ಲಿ ಏನೋ ಅಲ್ಲಾಡ್ತಿತ್ತು, ಹಿಡಿದ. ಇದನ್ನ ಹೂಡಿದವನು ಎರಡು ಕೆಲಸ ಮಾಡಿದ್ದಾನೆ. ಬಾತುಕೋಳಿ ಅಳಿಸಿ ಮೊಲ ತುಂಬಿದ. ಕೈ ಹಿಂದಕ್ಕೆ ಹೋಗ್ಲಿ ಅಂತ ಸ್ಪೀಕರ್ ತಂತಿ ಬಿಚ್ಚಿಟ್ಟ. ನಾಯಿ ಟಿವಿ ಹಿಂದೆ ಹೋಗುತ್ತೆ ಅಂತ ಗೊತ್ತಿಲ್ಲದೆ ಇದು ಹೊಳೆಯೋ ಉಪಾಯವೇ ಅಲ್ಲ. ಮೈದುನನಿಗೆ ಅದು ಗೊತ್ತಿದ್ರೆ ಮುಂದೆ ಬಲೆ ಹಾಕಿಸ್ತಿರ್ಲಿಲ್ಲ. ಅಲ್ಲದೆ ಇವತ್ತು ಇಲ್ಲಿ ಕೂರೋದು ತನ್ನ ತಾಯಿ ಅಂತ ಅವನಿಗೆ ತಿಳಿದಿತ್ತು. ತಂತಿ ಬಿಚ್ಚಿದ್ದು ಅವನೇ ಆಗಿದ್ರೆ ಸುಮ್ನಿರ್ತಿದ್ನಾ? ತಿಳೀದೆ ಇದ್ದೋನು ಮೊದಲೇ ವಾಕಿಂಗ್ ಹೋದವನು."

"ನಾನು ಈ ಕೋಣೆಗೆ ಕಾಲೇ ಇಡಲ್ಲ!" ಯಜಮಾನ ಗುಡುಗಿದ.

"ಹೌದು, ಬಂದ ಕೂಡಲೇ ನೀವು ಹಾಗಂದ್ರಿ. ಅದೇ ಉಸಿರಲ್ಲಿ ‘ಮನುಷ್ಯರ ಕೈ ಯಾವುದು, ಮೊಲ ಯಾವುದು’ ಅಂದ್ರಿ. ಆಗ ಟಿವಿ ಆರಿತ್ತು. ನಿಮ್ಮ ತಾಯಿ ಆಸ್ಪತ್ರೇಲಿದ್ರು. ನಿಮ್ಮ ತಮ್ಮ ಒಂದು ಮಾತು ಕೂಗಿ ಹೋಗಿದ್ರು. ನಿಮ್ಮ ಹೆಂಡ್ತಿಗೆ ಗೊತ್ತಿದ್ದದ್ದು ಬಾತುಕೋಳಿ ಮಾತ್ರ. ಮೊಲ ಇರೋದು ನಿಮಗೆ ಹೇಳಿದವರು ಯಾರು?"

ಆತನ ಕೈ ಮತ್ತೆ ಕರವಸ್ತ್ರಕ್ಕೆ ಹೋಯಿತು.

"ರಜೆ ದಿನ ಬೆಳಿಗ್ಗೆ ಇಲ್ಲಿ ಕೂರೋದು ನಿಮ್ಮ ಹೆಂಡ್ತಿ ಒಬ್ಬರೇ," ಎಂದು ಮಾವ ಬೇಕರಿಯಾಕೆಯ ಕಡೆ ತಿರುಗಿದ. "ಕಚ್ಚಿಸಿಕೊಳ್ಳಬೇಕಾಗಿದ್ದದ್ದು ನಿಮ್ಮ ಕೈ ಕಣಮ್ಮ."

ಡಾಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಕೊಲ್ಲಿಸಲು ತನ್ನನ್ನೇ ಕರೆಸಿದ್ದನಲ್ಲ ಈ ಮನುಷ್ಯ, ಅದೂ ಕಣ್ಣೊರೆಸಿಕೊಳ್ಳುತ್ತ!

"ಒಂದು ಸಲ ಕಚ್ಚಿಸ್ಕೊಂಡ್ರೆ ನೀನೇ ಅದನ್ನ ಹೊರಗೆ ಹಾಕ್ತೀಯ ಅಂದ್ಕೊಂಡೆ, ಅಷ್ಟೇ," ಯಜಮಾನ ಹೆಂಡತಿಯ ಮೇಲೆ ಹರಿಹಾಯ್ದ. "ಗಂಟೆಗಟ್ಟಲೆ ಅದರ ಕಿವಿ ನೋಡ್ಕೊಂಡು ಕೂರ್ತೀಯ. ನನ್ನ ಮುಖ ಯಾವತ್ತು ನೋಡಿದೀಯ?"

ಛಟೀರ್ ಎಂದಿತು. ಅತ್ತೆ ಮಗನ ಕೆನ್ನೆಗೆ ಹೊಡೆದದ್ದು ಕಟ್ಟಿಲ್ಲದ ಕೈಯಲ್ಲಿ.

"ಇರಲಿ ಬಿಡಿ ಅತ್ತೆ," ಬೇಕರಿಯಾಕೆ ಎದ್ದು ನಿಂತಳು. "ಇವನು ಟಿವಿ ಹಿಂದೆ ಹುಡುಕೋದನ್ನ ನಾನು ಹೇಳಿದ್ದು ನಿಮಗೊಬ್ಬರಿಗೇ. ಮೊನ್ನೆ, ಊಟಕ್ಕೆ ಕೂತಾಗ. ನೀವು ನಕ್ರಿ. ಎಷ್ಟು ಕಾಲದ ಮೇಲೆ ನಕ್ರಲ್ಲ ಅಂತ ನನಗೆ ರಾತ್ರಿಯೆಲ್ಲ ಖುಷಿ."

ಗುಂಡ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ.

"ಕಚ್ಚಿದ್ರೆ ಹೊರಗೆ ಹಾಕ್ತೀನಿ ಅಂದ್ರಲ್ಲ, ಸರಿಯಾಗೇ ಅಂದ್ರಿ," ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದಳು. "ಚಪ್ಪಲಿ ಹಾಕ್ಕೊಳ್ಳಿ."