ನೋವು ಮರೆಸಿದ ಸೂಜಿ

ಆದಿಲ್‌ನನ್ನು ಮಗ್ಗುಲಿಗೆ ಹೊರಳಿಸಿದಾಗಲೇ ಡಾಕ್ಟರಿಗೆ ಅದು ಕಂಡದ್ದು. ಬಲಭುಜದ ಹಿಂದೆ, ಒಂದು ಮೂಲೆ ಮಡಿಚಿದ ಚೂರು ಪ್ಲಾಸ್ಟರ್. ಅದರಡಿ ಸೂಜಿಯ ಹಸಿ ಗುರುತು. ಯಾರೋ ಭುಜ ಮರಗಟ್ಟಿಸುವ ಮದ್ದು ಹಾಕಿದ್ದಾರೆಂದು ಅವರು ಪೊಲೀಸರಿಗೆ ಫೋನ್ ಮಾಡಿದರು.

೧೯೯೯ರ ಆ ಬೆಳಗ್ಗೆ ಹೊಸ ತಿಪ್ಪಸಂದ್ರದ ಜಿಮ್ಮಿನಲ್ಲಿ ವೇಟ್‌ಲಿಫ್ಟಿಂಗ್ ಆಯ್ಕೆ ನಡೆದಿತ್ತು. ಗೆದ್ದವನಿಗೆ ಕಾರ್ಖಾನೆಯಲ್ಲಿ ಸ್ಪೋರ್ಟ್ಸ್ ಕೋಟಾದ ಕೆಲಸ. ಆದಿಲ್ ಭಾರವನ್ನು ತಲೆಯ ಮೇಲೆತ್ತಿದ, ನಕ್ಕ, ಕುಸಿದ. ಮೊದಲೇ ಅರ್ಧ ಹರಿದಿದ್ದ ಭುಜದ ಸ್ನಾಯು ಈಗ ಪೂರ್ತಿ ಹರಿದಿತ್ತು. ನೋವು ಗೊತ್ತಾಗಿದ್ದರೆ ರಾಡಿಗೆ ಕೈ ಹಾಕುತ್ತಲೇ ಬಿಟ್ಟುಬಿಡುತ್ತಿದ್ದ ಎಂದರು ಡಾಕ್ಟರ್. ಇನ್ನು ಆ ಕೈ ತಲೆ ಬಾಚಲು ಎದ್ದರೆ ಅದೇ ಪುಣ್ಯ.

ಸಬ್ ಇನ್‌ಸ್ಪೆಕ್ಟರ್ ಸುದರ್ಶನ್‌ಗೆ ಮೊದಲು ಅನುಮಾನ ಬಂದದ್ದು ಅಕ್ತರ್ ಮೇಲೆ. ಎರಡನೇ ಸ್ಥಾನದವನು. ಆದಿಲ್ ಬಿದ್ದರೆ ಕೆಲಸ ಅವನಿಗೇ. ಚೀಲದಲ್ಲಿ ಸಿರಿಂಜು ಬೇರೆ ಸಿಕ್ಕಿತು. ಅದು ತನ್ನ ವಿಟಮಿನ್ ಇಂಜೆಕ್ಷನ್ನಿಗೆ ಎಂದು ಅಕ್ತರ್ ಗೋಗರೆದ. ನೆರವಿನ ನೆಪದಲ್ಲಿ ಚುಚ್ಚಿ ಭುಜ ಹಾಳುಮಾಡಿದ್ದಾನೆಂದು ಸುದರ್ಶನ್ ಅವನನ್ನು ಠಾಣೆಯಲ್ಲಿ ಕೂರಿಸಿದ.

\*

ಸುದರ್ಶನ್ ಆಸ್ಪತ್ರೆಗೆ ಬಂದಾಗ ಆದಿಲ್ ಎಚ್ಚರವಾಗಿದ್ದ.

“ಅಕ್ತರ್‌ನ ಬಿಟ್ಬಿಡಿ ಸಾರ್. ನಾನೇ ಚುಚ್ಕೊಂಡೆ.”

“ಎಡಗೈ ಅಲ್ಲಿಗೆ ಎಟುಕತ್ತಾ? ತೋರ್ಸು.”

ಆದಿಲ್ ಎದೆಯ ಮೇಲಿಂದ ಎಡಗೈ ಚಾಚಿದ. ಅಷ್ಟು ದಪ್ಪ ತೋಳು. ಬೆರಳುಗಳು ಭುಜದ ತುದಿಯಲ್ಲೇ ನಿಂತವು. ಆದರೂ ಬೇರೆ ಹೆಸರು ಹೇಳಲಿಲ್ಲ. ಕೇಡು ಬಯಸಿದವರನ್ನು ಯಾರೂ ಹೀಗೆ ಕಾಪಾಡುವುದಿಲ್ಲ. ಇವನಿಗೆ ಬೇಕಾದವರೇ ಇರಬೇಕೆಂದು ಸುದರ್ಶನ್‌ಗೆ ಹೊಳೆಯಿತು.

ಅಕ್ಕ ಸಾಲೇಹಾ ಪಕ್ಕದಲ್ಲೇ ಇದ್ದಳು. ಶಿವಾಜಿನಗರದ ಒಂದು ನರ್ಸಿಂಗ್ ಹೋಮಿನ ಮಕ್ಕಳ ವಾರ್ಡಿನಲ್ಲಿ ನರ್ಸ್. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಸಾಕಿದವಳು. ಡ್ರಿಪ್ಪಿನ ಪ್ಲಾಸ್ಟರ್ ಸಡಿಲವಾಗಿದ್ದನ್ನು ಕಂಡು ಹೊಸದು ಅಂಟಿಸಿ, ಅದರ ಒಂದು ಮೂಲೆ ಮಡಿಚಿದಳು. ಕೀಳುವಾಗ ನೋಯಬಾರದೆಂದು ಮಕ್ಕಳಿಗೆ ಹಾಗೆ ಮಾಡಿ ರೂಢಿ.

\*

ಹೊರಗಿನ ಬೆಂಚಿನ ಮೇಲೆ ಸುದರ್ಶನ್ ಕಾಗದದ ಪೊಟ್ಟಣ ಬಿಚ್ಚಿ ಡಾಕ್ಟರ್ ಭುಜದಿಂದ ಕಿತ್ತು ಕೊಟ್ಟಿದ್ದ ಪ್ಲಾಸ್ಟರ್ ತೋರಿಸಿದ. ಚುಚ್ಚಿದ್ದು ತಾನೇ ಎಂದು ಸಾಲೇಹಾ ಒಪ್ಪಿಕೊಂಡಳು.

ಮಡಿಕೆ ಅವಳ ರೂಢಿಯದು. ತಮ್ಮ ಕಾಪಾಡುತ್ತಿದ್ದದ್ದು ಅವಳನ್ನೇ. ಸುದರ್ಶನ್‌ಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಹರಿದ ಜಾಗಕ್ಕೇ ಮದ್ದು ಹಾಕಬೇಕಾದರೆ ಅದು ಎಲ್ಲಿದೆಯೆಂದು ಮೊದಲೇ ಗೊತ್ತಿರಬೇಕು.

“ಸ್ಕ್ಯಾನ್ ಮಾಡ್ಸಿದ್ರಿ, ಅಲ್ವೇನಮ್ಮಾ?”

ಮೂರು ವಾರದ ಹಿಂದೆ ಎಂದಳು. ರಿಪೋರ್ಟನ್ನು ಬೀರುವಿನಲ್ಲಿ ಬಚ್ಚಿಟ್ಟು, ಬರೀ ಉಳುಕು ಎಂದು ತಮ್ಮನಿಗೆ ಹೇಳಿದ್ದಳು. ಮದ್ದು ವಾರ್ಡಿನಿಂದ ಕದ್ದದ್ದು. ಮುಂದಿನ ವರ್ಷ ಕೋಟಾದ ಕೆಲಸಕ್ಕೆ ಅವನ ವಯಸ್ಸು ಮೀರುತ್ತಿತ್ತು.

“ಎಂಟು ವರ್ಷ ಇದಕ್ಕೇ ಬದುಕಿದಾನೆ ಸಾರ್. ಭುಜ ಒಂದು ಬೆಳಗ್ಗೆ ತಡೆದ್ರೆ ಸಾಕು, ಆಮೇಲೆ ಆಪರೇಷನ್ ಮಾಡ್ಸೋಣ ಅಂದ್ಕೊಂಡೆ. ಆ ನೋವೇ ಅವನನ್ನ ಕಾಯ್ತಿತ್ತು. ನಾನೇ ಅದನ್ನ ಇಲ್ಲದಂಗೆ ಮಾಡ್ಬಿಟ್ಟೆ.”

ಸುದರ್ಶನ್ ಠಾಣೆಗೆ ಫೋನ್ ಮಾಡಿ ಅಕ್ತರ್‌ನನ್ನು ಬಿಡಿಸಿದ. ಠಾಣೆಗೆ ಹೊರಡುವ ಮುಂಚೆ ರಿಪೋರ್ಟಿನ ವಿಷಯ ತಾನೇ ತಮ್ಮನಿಗೆ ಹೇಳುತ್ತೇನೆಂದು ಸಾಲೇಹಾ ಕೇಳಿಕೊಂಡಳು. ಅವನು ಒಪ್ಪಿ ಬಾಗಿಲ ಬಳಿ ನಿಂತ.

ಅವಳು ಮಂಚದ ಅಂಚಿನಲ್ಲಿ ಕೂತಳು.

“ಆಪಾ, ನಿನ್ ಹೆಸ್ರು ನಾನ್ ಹೇಳ್ಲಿಲ್ಲ,” ಎಂದ ಆದಿಲ್.

ತಲೆ ಸವರುತ್ತ ಅವಳು ಎಲ್ಲವನ್ನೂ ಹೇಳಿದಳು. ಆದಿಲ್ ಎಡಗೈಯಿಂದ ಅವಳ ಕೈಯನ್ನು ತನ್ನ ತಲೆಯ ಮೇಲಿಂದ ತೆಗೆದು, ಅವಳ ಮಡಿಲಲ್ಲೇ ಇಟ್ಟು, ಗೋಡೆಯ ಕಡೆ ಮುಖ ತಿರುಗಿಸಿದ.